ಬಾವಿ ತೋಡುವವರ ವಿದ್ಯೆ

ಬೆಂಗಳೂರಿನ ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರದಲ್ಲಿ ಜೋರು ಮಳೆ ಬಂದರೆ ನೀರೆಲ್ಲ ನೋಡನೋಡುತ್ತಲೇ ಮೋರಿ ಸೇರುತ್ತದೆ. ಬೇಸಿಗೆಯಲ್ಲಿ ಅದೇ ಬೀದಿಗಳು ಟ್ಯಾಂಕರ್‌ಗೆ ಕಾಯುತ್ತವೆ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್. ಅಂದರೆ 100 ಚದರ ಮೀಟರ್‌ನ ತಾರಸಿಯೊಂದರ ಮೇಲೆ ವರ್ಷಕ್ಕೆ ಲಕ್ಷ ಲೀಟರಿಗೆ ಹತ್ತಿರ ನೀರು ಸುರಿಯುತ್ತದೆ. ಆ ನೀರನ್ನು ನೆಲಕ್ಕೆ ಇಂಗಿಸಬಲ್ಲವರು ಈ ಊರಲ್ಲೇ ಇದ್ದಾರೆ. ಅವರು ಭೋವಿ ಸಮುದಾಯದ ಮಣ್ಣು ವಡ್ಡರು, ತಲೆಮಾರುಗಳಿಂದ ಬಾವಿ ತೋಡಿದವರು.

ಕೊಳವೆಬಾವಿ ಬಂದ ಮೇಲೆ ಅವರ ಕಸುಬು ಸೊರಗಿತು. ಜಲ ಸಂರಕ್ಷಣಾ ತಜ್ಞ ಎಸ್. ವಿಶ್ವನಾಥ್ ಅವರ ಬಯೋಮ್ ಎನ್ವಿರಾನ್‌ಮೆಂಟಲ್ ಟ್ರಸ್ಟ್ 2015ರಲ್ಲಿ ಶುರುಮಾಡಿದ ‘ಬೆಂಗಳೂರಿಗೆ ಹತ್ತು ಲಕ್ಷ ಬಾವಿ’ ಆಂದೋಲನ ಈ ಬಾವಿ ತೋಡುವವರನ್ನು ಮತ್ತೆ ಆ ಕೆಲಸಕ್ಕೆ ಕರೆಯಿತು. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿದ್ದ ಏಳು ಹಳೆಯ ಬಾವಿಗಳಿಗೆ ಜೀವ ಬಂದದ್ದು ಇವರ ಕೈಯಿಂದಲೇ.

ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿಯ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಮೂರಡಿ ಅಗಲದ ಗುಂಡಿಯಲ್ಲಿ ಒಬ್ಬರು ಅಗೆಯುತ್ತಾರೆ, ಮೇಲಿನವರು ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಮಣ್ಣು ಸೇದಿ ಹಾಕುತ್ತಾರೆ. ಮೊದಲು ಕೆಮ್ಮಣ್ಣು. ಜೇಡಿ ಸಿಕ್ಕರೆ ಅಲ್ಲಿ ನಿಲ್ಲಿಸುವಂತಿಲ್ಲ, ನೀರು ಇಂಗುವುದಿಲ್ಲ. ಗರಸು ಬರಬೇಕು. ಹಿಡಿ ಮಣ್ಣನ್ನು ಅಂಗೈಯಲ್ಲಿ ಉದುರಿಸಿ ನೋಡಿ, ಇನ್ನೆಷ್ಟು ಅಡಿ ಇಳಿಯಬೇಕೆಂದು ಹೇಳುತ್ತಾರೆ. ಹಾರೆಯ ಸದ್ದು ಬದಲಾದರೆ ಬಂಡೆ ಬಂತೆಂದು ಲೆಕ್ಕ. ಇಪ್ಪತ್ತು, ಮೂವತ್ತು ಅಡಿಗೆ ಸಿಮೆಂಟ್ ರಿಂಗ್ ಇಳಿಸುತ್ತಾರೆ. ತಳಕ್ಕೆ ಮಾತ್ರ ಸಿಮೆಂಟ್ ಹಾಕುವುದಿಲ್ಲ.

ಆ ಗರಸನ್ನೇ ಭೂಜಲ ವಿಜ್ಞಾನಿಗಳು ಶಿಥಿಲ ಶಿಲೆಯ ಪದರ ಎನ್ನುತ್ತಾರೆ. ಮೇಲ್ಮಟ್ಟದ ಅಂತರ್ಜಲ ನಿಲ್ಲುವುದು ಅಲ್ಲಿ. ಯಮಲೂರು ಕಡೆಯ ಜಲಾನಯನದಲ್ಲಿ ವಿಪ್ರೋ ನೆರವಿನಿಂದ ಪುಣೆಯ ಅಕ್ವಾಡ್ಯಾಮ್ ಸಂಸ್ಥೆ ಮತ್ತು ಬಯೋಮ್ ಕೂಡಿ ಈ ಅಂತರ್ಜಲದ ನಕ್ಷೆ ಮಾಡಿದಾಗ, ನಿವಾಸಿಗಳು ತಮ್ಮ ಬಾವಿಗಳ ಆಳ, ನೀರಿನ ಮಟ್ಟವನ್ನು ಹಂಚಿಕೊಂಡರು. ಕೈಯ ಅರಿವೂ ಉಪಕರಣದ ಅಳತೆಯೂ ಒಟ್ಟಿಗೆ ಸೇರಿದರೆ ಊರಿನ ನೆಲ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ.

ಕೆನಡಾದ ದೂರದ ಉತ್ತರದಲ್ಲಿರುವ ಪಾಂಡ್ ಇನ್ಲೆಟ್‌ನಲ್ಲಿ ಇನ್ಯೂಟ್ ಜನ ಇದನ್ನೇ ಕಡಲಿನಲ್ಲಿ ಮಾಡುತ್ತಿದ್ದಾರೆ. ಸ್ಮಾರ್ಟ್‌ಐಸ್ ಸಂಸ್ಥೆಯ ಅಳತೆಯ ಯಂತ್ರವನ್ನು ಜಾರುಬಂಡಿಯಲ್ಲಿಟ್ಟು, ಹಿಮವಾಹನಕ್ಕೆ ಕಟ್ಟಿ ಎಳೆದು, ಕಡಲ ಮೇಲಿನ ಮಂಜುಗಡ್ಡೆಯ ದಪ್ಪ ಅಳೆಯುತ್ತಾರೆ. ಯಾವ ದಾರಿ ಅಳೆಯಬೇಕೆಂದು ಊರವರೇ ತೀರ್ಮಾನಿಸುತ್ತಾರೆ. ಯುವಕರಿಗೆ ತರಬೇತಿಯೂ ಇದೆ, ಕೂಲಿಯೂ ಇದೆ. ಕೂಲಿಯ ಮಾತು ನನಗೆ ಮುಖ್ಯ. ನಮ್ಮ ಬಾವಿ ತೋಡುವವರಿಗೆ ಅಗೆತಕ್ಕಷ್ಟೇ ಅಲ್ಲ, ಕಲಿಸುವುದಕ್ಕೂ ಸಂಬಳ ಸಿಗಬೇಕು.

2009ರಿಂದ ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಹಾಗಿದ್ದ ಮೇಲೆ ನಮ್ಮ ಶಾಲೆಗಳ ಅಂಗಳದಲ್ಲೊಂದು ಬಾವಿ ತೋಡಿಸಿ, ಮಕ್ಕಳ ಕೈಗೆ ಗರಸು ಕೊಟ್ಟು, ತೋಡಿದವರಿಂದಲೇ ಪಾಠ ಹೇಳಿಸಬಾರದೇಕೆ? ಮನೆಯಲ್ಲಿ ತೋಡಿಸುವವರು ಮುಂಗಾರಿಗೆ ಮುಂಚೆಯೇ ಕೆಲಸ ಮುಗಿಸಿಕೊಳ್ಳಿ. ಒಳಚರಂಡಿ ಪೈಪಿನಿಂದ ದೂರ ಜಾಗ ಹಿಡಿಯಿರಿ, ತಾರಸಿಯ ನೀರನ್ನು ಸೋಸಿಯೇ ಬಿಡಿ. ಆಳ ಎಷ್ಟೆಂದು ತೋಡುವವರನ್ನೇ ಕೇಳಿ.