ಮಧುಮೇಹ ಮತ್ತು ಮೂಲಿಕೆ ಚಹಾ: ಎಷ್ಟು ಎಂಬುದೇ ಪ್ರಶ್ನೆ

ಮಧುಮೇಹಕ್ಕೆ ಮೆಂತ್ಯದ ಕಷಾಯ, ಮಧುನಾಶಿನಿ ಎಲೆಯ ಚಹಾ ಒಳ್ಳೆಯದೆಂದು ನೀವು ಕೇಳಿರಬಹುದು. ಈ ಸಸ್ಯಗಳಲ್ಲಿ ಗುಣವಿರುವುದು ನಿಜ. ಆದರೆ ಎಷ್ಟು ಸೇವಿಸಿದರೆ ಎಷ್ಟು ಪರಿಣಾಮ ಎಂದು ಕೇಳುವವರು ಕಡಿಮೆ.

ಮೊದಲು ಒಂದು ಸರಳ ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. 100 ಮಿಲಿಲೀಟರಿಗೆ 100 ಮಿಲಿಗ್ರಾಂ ಎಂದಿಟ್ಟುಕೊಂಡರೆ ಅದರಲ್ಲಿರುವ ಒಟ್ಟು ಗ್ಲೂಕೋಸ್ ಕೇವಲ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ! ಕಷಾಯಕ್ಕೆ ಎರಡು ಚಮಚ ಬೆಲ್ಲ ಹಾಕಿದರೆ ಏನಾಗುತ್ತದೆಂದು ನೀವೇ ಯೋಚಿಸಿ.

ಮೆಂತ್ಯ

ನೆನೆಸಿದ ಮೆಂತ್ಯ ಲೋಳೆಯಾಗುವುದನ್ನು ನೀವು ನೋಡಿದ್ದೀರಿ. ಅದರಲ್ಲಿರುವ ಗ್ಯಾಲಕ್ಟೋಮನ್ನನ್ ಎಂಬ ನಾರು ಇದಕ್ಕೆ ಕಾರಣ. ಈ ಲೋಳೆ ಕರುಳಿನಲ್ಲಿ ಗ್ಲೂಕೋಸ್ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ಎರಡು ಭಾಗ ಮಾಡಿ ಕೊಡಲಾಗಿತ್ತು. ಒಂದು ಟೀ ಚಮಚ ಮೆಂತ್ಯದ ತೂಕ ಸುಮಾರು 4 ಗ್ರಾಂ ಮಾತ್ರ. ಅದನ್ನು ಕುದಿಸಿ ಸೋಸಿದರೆ ನಾರಿನ ಬಹುಪಾಲು ಸೋಸುವ ಜರಡಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಷಾಯಕ್ಕಿಂತ ಇಡೀ ಕಾಳನ್ನು ಆಹಾರದೊಡನೆ ಸೇವಿಸುವುದು ಲೇಸು.

ಮಧುನಾಶಿನಿ

ಈ ಎಲೆಯನ್ನು ಜಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ತಡೆಯುತ್ತವೆ. ಆದರೆ ಸಿಹಿ ತಿಳಿಯದಿದ್ದರೂ ನುಂಗಿದ ಸಕ್ಕರೆ ರಕ್ತ ಸೇರುತ್ತದೆ. ಈ ಎಲೆ ರಕ್ತದ ಗ್ಲೂಕೋಸನ್ನು ತಗ್ಗಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿವೆ. ಔಷಧಿಗೆ ಬದಲಾಗಿ ಬಳಸಲು ಅಷ್ಟು ಆಧಾರ ಸಾಲದು.

ಸಸ್ಯದಿಂದ ಮಾತ್ರೆಗೆ

ಯೂರೋಪಿನ ಗಲೀಗಾ ಎಂಬ ಗಿಡದ ಕಥೆ ಇಲ್ಲಿ ಬೋಧಪ್ರದ. ಅದರಲ್ಲಿರುವ ಗಲೀಜಿನ್ ಗ್ಲೂಕೋಸನ್ನು ಇಳಿಸುತ್ತದೆ, ಆದರೆ ಅದು ವಿಷಕಾರಿ. ಗಿಡ ಮೇಯ್ದ ಕುರಿಗಳು ಸತ್ತದ್ದುಂಟು. ಇದೇ ರಾಸಾಯನಿಕ ಕುಟುಂಬಕ್ಕೆ ಸೇರಿದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್ ನಗರದಲ್ಲಿ ತಯಾರಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಅದನ್ನು ಮಧುಮೇಹಿಗಳಲ್ಲಿ ಬಳಸಿದ ವರದಿ ಪ್ರಕಟಿಸಿದರು. ಇಂದು ಅದು ಅತಿ ಹೆಚ್ಚು ಬಳಕೆಯಲ್ಲಿರುವ ಮಧುಮೇಹದ ಔಷಧಿಗಳಲ್ಲೊಂದು. 500 ಮಿಲಿಗ್ರಾಂ ಎಂದು ಬರೆದ ಮಾತ್ರೆಯಲ್ಲಿ ಅಷ್ಟೇ ಔಷಧಿ ಇರುತ್ತದೆ. ಒಂದು ಲೋಟ ಚಹಾಕ್ಕೆ ಆ ಖಾತರಿಯಿಲ್ಲ. ಮಣ್ಣು, ಋತು, ಒಣಗಿಸಿದ ರೀತಿ, ಕುದಿಸಿದ ಸಮಯ ಇವೆಲ್ಲಕ್ಕೆ ತಕ್ಕಂತೆ ಅಂಶ ಬದಲಾಗುತ್ತದೆ.

ಎಚ್ಚರಿಕೆ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆಗೆ ಮೂಲಿಕೆಯೂ ಸೇರಿದರೆ ಗ್ಲೂಕೋಸ್ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಗಲಿಬಿಲಿ ಇದರ ಲಕ್ಷಣಗಳು. ಆಗ ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಳ್ಳಬೇಕು. ಇನ್ನು ಒಂದನೆಯ ಬಗೆಯ ಮಧುಮೇಹದಲ್ಲಿ ದೇಹ ಇನ್ಸುಲಿನ್ನನ್ನು ಬಹುತೇಕ ತಯಾರಿಸುವುದೇ ಇಲ್ಲ. ಅಂಥವರು ಚಹಾ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಇನ್ನೂ ಬೇಗ, ಪ್ರಾಣಾಪಾಯ ಒದಗುತ್ತದೆ.

ಸಿಹಿ ಬೆರೆಸದ ಮೂಲಿಕೆ ಚಹಾವನ್ನು ಸಕ್ಕರೆ ಹಾಕಿದ ಕಾಫಿಯ ಬದಲು ಕುಡಿದರೆ ಆ ಸಕ್ಕರೆಯಷ್ಟು ಲಾಭ ಖಂಡಿತ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದಾದರೆ ವೈದ್ಯರಿಗೆ ತಿಳಿಸಿ, ಗ್ಲುಕೋಮೀಟರಿನಲ್ಲಿ ಅಳೆದು, ಬರೆದಿಟ್ಟುಕೊಳ್ಳಿ. ನಡೆಯುತ್ತಿರುವ ಔಷಧಿಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.