ನಿಮಗಿದು ಗೊತ್ತೇ? ಜನರೇಟರ್ ದೊಡ್ಡದಾದಷ್ಟೂ ಒಳ್ಳೆಯದಲ್ಲ!

● ‘100 ಕೆವಿಎ’ ಎಂದು ಬರೆದಿರುವ ಜನರೇಟರಿನಿಂದ 100 ಕಿಲೋವ್ಯಾಟ್ ಸಿಗುವುದಿಲ್ಲ. ಪವರ್ ಫ್ಯಾಕ್ಟರ್ 0.8 ಎಂದು ಹಿಡಿಯುವುದು ವಾಡಿಕೆ. ಹಾಗಾಗಿ ಕೈಗೆ ಬರುವುದು 80 ಕಿಲೋವ್ಯಾಟ್ ಮಾತ್ರ.

● ಲಿಫ್ಟ್, ನೀರಿನ ಪಂಪುಗಳ ಮೋಟರ್ ಓಡುತ್ತಿರುವಾಗ ಬಲು ಸಾಧು. ಆದರೆ ನೇರವಾಗಿ ಚಾಲೂ ಮಾಡಿದರೆ ಆ ಕ್ಷಣಕ್ಕೆ ಮಾಮೂಲಿಗಿಂತ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಎಷ್ಟು ದೊಡ್ಡ ಜನರೇಟರ್ ಬೇಕೆಂದು ಎಷ್ಟೋ ಕಟ್ಟಡಗಳಲ್ಲಿ ತೀರ್ಮಾನಿಸುವುದು ಈ ಕೆಲವೇ ಸೆಕೆಂಡುಗಳು.

● ಅದೇ ಮೋಟರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಈ ಎಳೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಟಾರ್ಟರ್ ಬದಲಿಸಿದ್ದಕ್ಕೇ ಒಂದು ಸೈಜ್ ಚಿಕ್ಕ ಜನರೇಟರ್ ಸಾಕಾಗಬಹುದು.

● ಎಲ್ಲ ಮೋಟರುಗಳನ್ನೂ ಒಟ್ಟಿಗೆ ಹಾಕಬಾರದು. ಮೊದಲು ದೊಡ್ಡದು, ಆಮೇಲೆ ಚಿಕ್ಕವು. ಹೊರೆ ಕಡಿಮೆ ಇದ್ದಾಗಲೇ ದೊಡ್ಡ ಏಟನ್ನು ಜನರೇಟರ್ ತಾಳಿಕೊಳ್ಳುತ್ತದೆ.

● ಒಂದು ಲೆಕ್ಕ: 20 ಮನೆಗಳ ಅಪಾರ್ಟ್‌ಮೆಂಟ್. ಮನೆಗೆ 1 ಕಿಲೋವ್ಯಾಟ್‌ನಂತೆ 20, ಲಿಫ್ಟಿಗೆ 7.5, ಪಂಪಿಗೆ 5.5, ಮೆಟ್ಟಿಲು-ಪಾರ್ಕಿಂಗ್ ದೀಪಗಳಿಗೆ 3. ಒಟ್ಟು 36 ಕಿಲೋವ್ಯಾಟ್, ಅಂದರೆ 45 ಕೆವಿಎ. 62.5 ಕೆವಿಎ ಸೆಟ್ ತಂದರೆ ಹೊರೆ ಶೇ 72. ಮೋಟರ್ ಶುರುವಾಗುವುದಕ್ಕೂ ಜಾಗ ಉಳಿಯುತ್ತದೆ.

● ‘ಇರಲಿ, ಮುಂದಕ್ಕೆ ಬೇಕಾದೀತು’ ಎಂದು ಅದೇ ಕಟ್ಟಡಕ್ಕೆ 160 ಕೆವಿಎ ತಂದರೆ? ಹೊರೆ ಶೇ 28ಕ್ಕೆ ಇಳಿಯುತ್ತದೆ. ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡುವ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯೇರುವುದಿಲ್ಲ. ಪೂರ್ತಿ ಉರಿಯದ ಇಂಧನ ಮಸಿ-ಜಿಡ್ಡಾಗಿ ಹೊಗೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ವೆಟ್ ಸ್ಟ್ಯಾಕಿಂಗ್ ಎನ್ನುತ್ತಾರೆ.

● ಹಗಲು ಹೊರೆ ಹೆಚ್ಚು, ರಾತ್ರಿ ತೀರಾ ಕಡಿಮೆ ಇರುವ ಕಡೆ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕ ಸೆಟ್ ವಾಸಿ. ರಾತ್ರಿ ಒಂದು ಓಡಿದರೆ ಸಾಕು. ಒಂದು ಕೆಟ್ಟರೂ ಇನ್ನೊಂದಿರುತ್ತದೆ.

● ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಪ್ರತಿ ಮನೆಗೂ ಎಸಿಸಿಎಲ್ ಎಂಬ ಪುಟ್ಟ ಸಾಧನವಿರುತ್ತದೆ. ಜನರೇಟರ್ ಓಡುವಾಗ ಮನೆಯ ಮಿತಿ 1 ಕಿಲೋವ್ಯಾಟ್ ಇದ್ದಲ್ಲಿ 2 ಕಿಲೋವ್ಯಾಟ್ ಗೀಸರ್ ಹಾಕಿದರೆ ಆ ಮನೆಯ ಕರೆಂಟ್ ಮಾತ್ರ ಕಡಿತವಾಗುತ್ತದೆ. ಈ ಕಾವಲಿದ್ದರೇನೇ ಮೇಲಿನ 20 ಕಿಲೋವ್ಯಾಟ್ ಲೆಕ್ಕ ನಿಲ್ಲುವುದು.

● 415 ವೋಲ್ಟಿನ 100 ಕೆವಿಎ ತ್ರೀ-ಫೇಸ್ ಸೆಟ್‌ನಲ್ಲಿ ಪ್ರತಿ ಫೇಸ್‌ಗೆ ಸುಮಾರು 139 ಆಂಪಿಯರ್. ಹೊರೆಯೆಲ್ಲ ಒಂದೇ ಫೇಸ್ ಮೇಲೆ ಬಿದ್ದರೆ, ಒಟ್ಟು ಹೊರೆ ಅರ್ಧವೂ ಆಗದೆ ಜನರೇಟರ್ ಟ್ರಿಪ್ ಆಗಬಹುದು.

● ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಕಸುವು ಇಲ್ಲಿ ತುಸು ತಗ್ಗುತ್ತದೆ.

● ‘ಪ್ರೈಮ್’ ದರ್ಜೆಯ ಸೆಟ್ 12 ಗಂಟೆಗಳಲ್ಲಿ ಒಂದು ಗಂಟೆ ಶೇ 10ರಷ್ಟು ಹೆಚ್ಚಿನ ಹೊರೆ ತಡೆಯಬಲ್ಲದು. ‘ಸ್ಟ್ಯಾಂಡ್‌ಬೈ’ ದರ್ಜೆಗೆ ಆ ರಿಯಾಯಿತಿ ಇಲ್ಲ. ಕೊಳ್ಳುವಾಗ ಯಾವ ದರ್ಜೆಯ ಕೆವಿಎ ಎಂದು ಕೇಳಿ.

● ಕರೆಂಟ್ ಬಿಲ್ಲಿನಲ್ಲಿ ಕಾಣುವ ಗರಿಷ್ಠ ಬೇಡಿಕೆ ನಿಮಿಷಗಟ್ಟಲೆಯ ಸರಾಸರಿ. ಮೋಟರಿನ ಆ ಆರೇಳು ಪಟ್ಟು ಅದರಲ್ಲಿ ಕರಗಿಹೋಗಿರುತ್ತದೆ. ಆದ್ದರಿಂದ ಬಿಲ್ಲಿನ ಜತೆಗೆ ಪ್ರತಿ ಮೋಟರಿನ ನೇಮ್‌ಪ್ಲೇಟ್ ಓದಿ, ಸ್ಟಾರ್ಟರ್ ಯಾವುದೆಂದು ನೋಡಿಕೊಂಡೇ ಜನರೇಟರ್ ಆರ್ಡರ್ ಕೊಡಿ.