ಸೆರೆಯ ಕಾರಣ ಯಾವ ಭಾಷೆಯಲ್ಲಿ?

ಕಳ್ಳತನ ಮಾಡಿದವನು ಸೆರೆಮನೆಗೆ ಹೋಗುವುದು ಎಲ್ಲರಿಗೂ ತಿಳಿದ ನ್ಯಾಯ. ಅಪರಾಧ ನಡೆಯುತ್ತದೆ, ಪೋಲೀಸರು ಹಿಡಿಯುತ್ತಾರೆ, ವಿಚಾರಣೆಯಾಗಿ ತೀರ್ಪು ಬರುತ್ತದೆ. ಆದರೆ ಅಪರಾಧವು ಇನ್ನೂ ನಡೆಯದಿರುವಾಗಲೇ, ‘ಈತ ಮುಂದೆ ದೇಶದ ಭದ್ರತೆಗೆ ಕೇಡು ತಂದಾನು’ ಎಂಬ ಶಂಕೆಯ ಮೇಲೆ ಒಬ್ಬನನ್ನು ಸೆರೆಯಲ್ಲಿಡುವ ಕಾನೂನೂ ನಮ್ಮಲ್ಲಿ ಉಂಟು. ಪತ್ರಿಕೆಗಳಲ್ಲಿ ಕಾಣಿಸುವ ‘ಸ್ಥಾನಬದ್ಧತೆ’ ಎಂಬ ಮಾತಿನ ಅರ್ಥ ಇದೇ. ಇದು ಶಿಕ್ಷೆಯಲ್ಲ, ಕೇವಲ ತಡೆ ಎಂದು ಕಾನೂನು ಹೇಳುತ್ತದೆ. ಸೆರೆಮನೆಯ ಬಾಗಿಲು ಮಾತ್ರ ಎರಡಕ್ಕೂ ಒಂದೇ.

ಇಷ್ಟು ದೊಡ್ಡ ಅಧಿಕಾರಕ್ಕೆ ಬೇಲಿ ಬೇಡವೇ? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 22ನೆಯ ವಿಧಿಯು ಅಂಥ ಬೇಲಿಯನ್ನು ಕಟ್ಟಿದೆ. ಸೆರೆಯ ಕಾರಣವನ್ನು ಆದಷ್ಟು ಬೇಗ ಬಂಧಿತನಿಗೆ ತಿಳಿಸಬೇಕು. ಅದಕ್ಕೆ ಉತ್ತರ ಬರೆದು ಅಹವಾಲು ಸಲ್ಲಿಸಲು ಅವನಿಗೆ ಅವಕಾಶವೀಯಬೇಕು. ಸಾಮಾನ್ಯವಾಗಿ ಮೂರು ತಿಂಗಳಿಗೆ ಮೀರಿ ಸೆರೆಯಲ್ಲಿಡಬೇಕಾದರೆ ಸಲಹಾ ಮಂಡಲಿಯ ಒಪ್ಪಿಗೆ ಬೇಕು.

ಆದರೆ ‘ತಿಳಿಸುವುದು’ ಎಂದರೇನು? ಕಾಗದವನ್ನು ಕೈಗಿತ್ತರೆ ಸಾಕೆ?

ಹದಿನಾಲ್ಕು ಪುಟಗಳ ಕಾಗದ

ಈ ಪ್ರಶ್ನೆ 1962ರಲ್ಲಿ, ಹರಿಕಿಸನ್ ಎಂಬಾತನಿಗೂ ಮಹಾರಾಷ್ಟ್ರ ಸರಕಾರಕ್ಕೂ ನಡೆದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಸ್ಥಾನಬದ್ಧನಾದ ಆತನಿಗೆ ಕೊಟ್ಟ ಕಾರಣಪತ್ರ ಇಂಗ್ಲಿಷಿನಲ್ಲಿತ್ತು; ಟೈಪು ಮಾಡಿದ 14 ಪುಟಗಳು, 13 ವರ್ಷಗಳ ಚಟುವಟಿಕೆಗಳ ವಿವರ. ಆತನಿಗೆ ಇಂಗ್ಲಿಷ್ ಬಾರದು. ಹಿಂದೀ ಅನುವಾದ ಬೇಕೆಂದು ಬೇಡಿದ, ಸಿಕ್ಕಲಿಲ್ಲ. ಇಂಗ್ಲಿಷ್ ಇನ್ನೂ ಆಡಳಿತ ಭಾಷೆ, ಮೇಲಾಗಿ ಅದರ ಅರ್ಥವನ್ನು ಬಾಯಿಮಾತಿನಲ್ಲಿ ತಿಳಿಸಿಯಾಗಿದೆ ಎಂಬುದು ಎದುರು ವಾದ.

ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಅಷ್ಟು ದೀರ್ಘವೂ ಜಟಿಲವೂ ಆದ ಆರೋಪಗಳಿಗೆ ಬಾಯಿಮಾತಿನ ವಿವರಣೆ ಸಾಲದು. ಬಂಧಿತನು ಬಲ್ಲ ಭಾಷೆಯಲ್ಲಿ, ಬಲ್ಲ ಲಿಪಿಯಲ್ಲಿ ಬರಹವನ್ನು ಕೊಡಬೇಕು. ಇಲ್ಲವಾದರೆ ಉತ್ತರ ಹೇಳುವ ಹಕ್ಕೇ ಇಲ್ಲವಾದಂತೆ ಎಂದು ನಿರ್ಣಯಿಸಿ ಆತನ ಬಿಡುಗಡೆಗೆ ಆಜ್ಞೆ ಮಾಡಿತು. ಆರೋಪಗಳು ಸುಳ್ಳೆಂದು ನ್ಯಾಯಾಲಯ ಹೇಳಲಿಲ್ಲ. ಅವು ಅವನಿಗೆ ಅರ್ಥವಾಗುವಂತೆ ತಲುಪಲಿಲ್ಲವೆಂದಿತು, ಅಷ್ಟೆ.

ಬೇಲಿ ಮುರಿದ ಕಾಲ

ಬೇಲಿ ಇಲ್ಲದಿದ್ದರೆ ಏನಾದೀತೆಂಬುದನ್ನು 1975ರ ತುರ್ತು ಪರಿಸ್ಥಿತಿ ತೋರಿಸಿತು. ಆಂತರಿಕ ಭದ್ರತಾ ಕಾನೂನಾದ ‘ಮೀಸಾ’ಕ್ಕೆ ತಂದ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯ ಹೆಸರಿನಲ್ಲಿ ಸೆರೆಯಾದವರಿಗೆ ಕಾರಣವನ್ನೇ ತಿಳಿಸಬೇಕಿಲ್ಲವೆಂದಾಯಿತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆಯಂಥವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದುದು ಆಗಲೇ. ಆ ಹಳೆಯ ಜೈಲಿನ ಆವರಣ ಇಂದು ‘ಫ್ರೀಡಂ ಪಾರ್ಕ್’ ಆಗಿದೆ.

1976ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಇಂಥ ಸೆರೆಯನ್ನು ಪ್ರಶ್ನಿಸಿ ಆ ಅವಧಿಯಲ್ಲಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದರು. ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಸಾರಿದ್ದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಕಾಯಬೇಕಾಯಿತು.

ಕಾಗದದ ಬೆಲೆ

ಇಂದಿರುವುದು 1980ರ ರಾಷ್ಟ್ರೀಯ ಭದ್ರತಾ ಕಾನೂನು. ಸಾಮಾನ್ಯವಾಗಿ ಐದು ದಿನಗಳೊಳಗೆ ಕಾರಣ ತಿಳಿಸಬೇಕು. ಸೆರೆಯ ಗರಿಷ್ಠ ಅವಧಿ 12 ತಿಂಗಳು. ಸಲಹಾ ಮಂಡಲಿಯ ಮುಂದೆ ವಕೀಲರನ್ನಿಟ್ಟುಕೊಳ್ಳುವ ಹಕ್ಕು ಬಂಧಿತನಿಗಿಲ್ಲ. ಎಂದ ಮೇಲೆ ಆ ಕಾರಣಪತ್ರದ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಅದನ್ನು ಓದಿ, ‘ಆ ದಿನ ನಾನು ಆ ಊರಿನಲ್ಲೇ ಇರಲಿಲ್ಲ’ ಎಂದು ಅವನೇ ಬರೆದು ತಿಳಿಸಬೇಕು.

ದೇಶಕ್ಕೆ ಕಾವಲು ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಯಜಮಾನನೋ ಮಗನೋ ಸೆರೆಯಾದಾಗ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು ‘ಏಕೆ?’ ಎಂಬುದು. ಅದಕ್ಕೆ ಅವರು ಬಲ್ಲ ನುಡಿಯಲ್ಲಿ ಉತ್ತರ ಕೊಡುವುದು ಸರಕಾರದ ಔದಾರ್ಯವಲ್ಲ, ಕರ್ತವ್ಯ.